ಓಡುತ್ತಾ ಓಡುತ್ತಾ ನಿಲ್ಲುವ ಯೆಜ್ಡಿ: ಕಾರ್ಬ್ಯುರೇಟರ್ ಬದಲಿಸುವ ಮೊದಲು ಇಷ್ಟು ನೋಡಿ

ಅಣ್ಣ, ನಿಮ್ಮ ಯೆಜ್ಡಿ ರೋಡ್‌ಕಿಂಗ್ ಬೈಕ್ ನಾಲ್ಕೈದು ಕಿಲೋಮೀಟರ್ ಓಡಿ ನಿಲ್ಲುತ್ತದೆ, ಹತ್ತು ನಿಮಿಷ ಬಿಟ್ಟರೆ ಮತ್ತೆ ಒಂದೇ ಕಿಕ್‌ಗೆ ಸ್ಟಾರ್ಟ್ ಆಗುತ್ತದೆ, ಮೆಕ್ಯಾನಿಕ್ ಹೊಸ ಕಾರ್ಬ್ಯುರೇಟರ್ ಹಾಕಿಸಿ ಅಂದಿದ್ದಾರೆ ಅಂತ ಬರೆದಿದ್ದೀರಿ. ಕಾರ್ಬ್ಯುರೇಟರ್ ಅಂದರೆ ಪೆಟ್ರೋಲ್‌ಗೆ ಗಾಳಿ ಕಲೆಸಿ ಎಂಜಿನ್‌ಗೆ ಕೊಡುವ ಭಾಗ. ಅದಕ್ಕೆ ಈಗಲೇ ದುಡ್ಡು ಹಾಕಬೇಡಿ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಫ್ಯಾಕ್ಟರಿ ಮುಚ್ಚಿದ್ದು 1996ರಲ್ಲಿ. ಗಾಡಿ ಜೊತೆ ಬಂದ ಹಳೇ ಕಾರ್ಬ್ಯುರೇಟರ್ ಕೈಬಿಟ್ಟರೆ ಅಂಥದ್ದು ಮತ್ತೆ ಸಿಗುವುದು ಕಷ್ಟ.

ಮೊದಲ ಮಾತು, ತೊಂದರೆ ಏನು ಅಂತ ಗೊತ್ತಾಗುವವರೆಗೆ ದೂರ ಓಡಿಸಬೇಡಿ. ನಮ್ಮದು ಟೂ ಸ್ಟ್ರೋಕ್, ಆಯಿಲ್ ಬರುವುದು ಪೆಟ್ರೋಲ್ ಜೊತೆಗೇ. ಪೆಟ್ರೋಲ್ ಕಡಿಮೆ ಆದರೆ ಪಿಸ್ಟನ್‌ಗೆ ಆಯಿಲ್ ಕೂಡ ಕಡಿಮೆ. ನಾನು ಹೀಗೇ ನಿಂತು ನಿಂತು ಓಡುವ ಗಾಡಿಯನ್ನು ಮನೆ ತನಕ ಎಳೆದುಕೊಂಡು ಬಂದು ಎಂಜಿನ್ ಸೀಜ್ ಮಾಡಿಕೊಂಡೆ, ಅಂದರೆ ಪಿಸ್ಟನ್ ಒಳಗೇ ಕಚ್ಚಿಕೊಂಡಿತು. ಬಿಚ್ಚಿದಾಗ ಪಿಸ್ಟನ್ ಪಕ್ಕದಲ್ಲಿ ಉಗುರಿನಿಂದ ಗೀರಿದ ಹಾಗೆ ಉದ್ದುದ್ದ ಗೆರೆಗಳು. ಸಿಲಿಂಡರ್ ಕೊರೆಸಿ (ಬೋರ್ ಮಾಡಿಸಿ) ಸ್ವಲ್ಪ ದೊಡ್ಡ, ಓವರ್‌ಸೈಜ್ ಪಿಸ್ಟನ್ ಹಾಕಿಸಬೇಕಾಯಿತು. ಕಾರಣ, ಟ್ಯಾಂಕ್ ಮುಚ್ಚಳದಲ್ಲಿರುವ ಸಣ್ಣ ಗಾಳಿ ತೂತು. ಪಾಲಿಶ್, ಧೂಳು ಸೇರಿ ಗಟ್ಟಿಯಾಗಿ ಮುಚ್ಚಿಹೋಗಿತ್ತು. ಇಳಿದುಹೋದ ಪೆಟ್ರೋಲ್ ಜಾಗಕ್ಕೆ ಗಾಳಿ ಬರದಿದ್ದರೆ ಕೆಳಗೆ ಹರಿಯುವುದು ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಹೇಗೋ ಒಂದಿಷ್ಟು ಗಾಳಿ ನುಸುಳುತ್ತದೆ, ಗಾಡಿ ಮತ್ತೆ ಓಡುತ್ತದೆ. ನಿಮ್ಮದೂ ಅದೇ ಲಕ್ಷಣ ಅಲ್ವಾ?

ಮನೆ ಹತ್ತಿರವೇ ಸುತ್ತಾಡಿ. ನಿಂತ ತಕ್ಷಣ ಮುಚ್ಚಳ ತೆಗೆಯಿರಿ. "ಉಸ್" ಅಂತ ಗಾಳಿ ಒಳಗೆ ಎಳೆದರೆ ಕಳ್ಳ ಸಿಕ್ಕ. ತೆಳ್ಳಗಿನ ತಂತಿಯಿಂದ ತೂತು ಬಿಡಿಸಿ, ಮುಚ್ಚಳದ ಒಳಗಿನ ವಾಷರ್ ಆ ತೂತನ್ನು ಮುಚ್ಚಿಲ್ಲ ತಾನೇ ಅಂತಲೂ ನೋಡಿ.

ಶಬ್ದ ಬರದಿದ್ದರೆ, ಎಂಜಿನ್ ಆರಿದ ಮೇಲೆ ಪೆಟ್ರೋಲ್ ಪೈಪನ್ನು ಕಾರ್ಬ್ಯುರೇಟರ್ ಕಡೆಯಿಂದ ಬಿಚ್ಚಿ ಒಣಗಿದ ಬಾಟಲಿಗೆ ಬಿಡಿ. ಬಯಲಲ್ಲೇ ಮಾಡಿ, ಹತ್ತಿರ ಬೀಡಿ ಸಿಗರೇಟು ಬೇಡ. ಟ್ಯಾಂಕ್ ಮುಚ್ಚಳ ಹಾಕಿಯೇ ಇರಲಿ, ಎಷ್ಟೋ ಜನ ಇಲ್ಲೇ ತಪ್ಪುತ್ತಾರೆ. ಕಾಕ್ (ಟ್ಯಾಂಕ್ ಕೆಳಗಿನ ಪೆಟ್ರೋಲ್ ನಲ್ಲಿ) ತಿರುಗಿಸಿ ಎರಡು ಮೂರು ನಿಮಿಷ ನೋಡಿ. ಲೀಟರ್‌ಗೆ 30 ಕಿಲೋಮೀಟರ್ ಕೊಡುವ ಗಾಡಿ 60ರ ವೇಗದಲ್ಲಿ ನಿಮಿಷಕ್ಕೆ ಕುಡಿಯುವುದು ಸುಮಾರು 33 ಮಿಲಿ. ಏರಿನಲ್ಲಿ ಅದರ ಎರಡು ಮೂರು ಪಟ್ಟು ಅಂದುಕೊಳ್ಳಿ. ಹಾಗಾಗಿ ನಿಮಿಷಕ್ಕೆ 200 ಮಿಲಿ ಬಿಡದೆ ಬಂದರೆ ಧಾರಾಳ ಆಯಿತು. ಮೊದಲು ಧಾರೆಯಾಗಿ ಬಂದು ಆಮೇಲೆ ತೊಟ್ಟಿಕ್ಕಿದರೆ ಗಾಳಿ ತೂತು. ಮೊದಲಿನಿಂದಲೇ ಸಣ್ಣಗೆ ಬಂದರೆ ಕಾಕ್‌ನ ಜಾಲರಿ ಕಟ್ಟಿಕೊಂಡಿದೆ.

ಆ ಜಾಲರಿಗೆ ಕಟ್ಟಿಕೊಳ್ಳುವುದು ಟ್ಯಾಂಕ್‌ನ ತುಕ್ಕು. ಬರೀ ಜಾಲರಿ ತೊಳೆದರೆ ತಿಂಗಳಿಗೆ ಮತ್ತೆ ಅದೇ ಕಥೆ. ಟ್ಯಾಂಕ್ ಖಾಲಿ ಮಾಡಿ, ಕಾಕ್ ಬಿಚ್ಚಿ ತೂತು ಮುಚ್ಚಿ, ಬಿಳಿ ವಿನೆಗರ್ ತುಂಬಿಸಿ ಒಂದು ದಿನ ಇಡಿ. ಪೇಂಟ್ ಮೇಲೆ ಚೆಲ್ಲದಿರಲಿ. ಆಮೇಲೆ ಅಡುಗೆ ಸೋಡಾ ಹಾಕಿದ ನೀರಲ್ಲಿ ತೊಳೆದು, ತಡಮಾಡದೆ ಪೂರ್ತಿ ಒಣಗಿಸಿ, 2ಟಿ (ಟೂ ಸ್ಟ್ರೋಕ್) ಆಯಿಲ್ ಕಲೆಸಿದ ಪೆಟ್ರೋಲ್ ಸುತ್ತಲೂ ಆಡಿಸಿ. ಒದ್ದೆ ಉಳಿದರೆ ಬೆಳಗಾಗುವುದರೊಳಗೆ ಮತ್ತೆ ಕೆಂಪಗಾಗುತ್ತದೆ.

ಪೆಟ್ರೋಲ್ ಪೈಪ್ ಮಧ್ಯದಲ್ಲಿ ಕಾರಿನ ಪೇಪರ್ ಫಿಲ್ಟರ್ ಹಾಕಿಸಿದ್ದರೆ ತೆಗೆದುಬಿಡಿ. ಅದು ಪಂಪ್ ಇರುವ ಗಾಡಿಗೆ. ನಮ್ಮದರಲ್ಲಿ ಪೆಟ್ರೋಲ್ ಸುಮ್ನೆ ತನ್ನ ಭಾರಕ್ಕೆ ಇಳಿಯಬೇಕು. ಪೈಪ್ ಕೂಡ ಎಲ್ಲೂ ಮೇಲೆದ್ದು ಬಾಗಬಾರದು. ಹಳೇ ರಬ್ಬರ್ ಪೈಪ್ ಆದರೆ ಬದಲಿಸಿಯೇ ಬಿಡಿ. ಈಗಿನ ಪೆಟ್ರೋಲ್‌ನಲ್ಲಿ 20% ಎಥನಾಲ್ ಇದೆ, ಹಳೇ ರಬ್ಬರ್ ಅದಕ್ಕೆ ಮೆತ್ತಗಾಗಿ ಒಳಗೇ ಊದಿಕೊಳ್ಳುತ್ತದೆ. ಎಥನಾಲ್ ನೀರನ್ನೂ ಎಳೆದುಕೊಳ್ಳುವುದರಿಂದ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸಬೇಡಿ.

ಕಾರ್ಬ್ಯುರೇಟರ್ ಕೊನೆಗೆ. ಪೆಟ್ರೋಲ್ ಒಳಗೆ ಬಿಡುವ ಫ್ಲೋಟ್ ಸೂಜಿ ಅಂಟಿಕೊಳ್ಳದೆ ಆಡುತ್ತಿದೆಯಾ ನೋಡಿ, ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಜೆಟ್‌ಗೆ ಗಾಳಿ ಹೊಡೆಯಿರಿ. ಉಕ್ಕಿನ ತಂತಿ ಮಾತ್ರ ತುರುಕಬೇಡಿ. ಜೆಟ್ ಹಿತ್ತಾಳೆಯದು, ತೂತು ದೊಡ್ಡದಾದರೆ ಮುಗಿಯಿತು.

ಒಂದು ವಿಷಯ ನೀವು ಬರೆದಿಲ್ಲ. ನಿಲ್ಲುವಾಗ ಗಾಡಿ ಮುಗ್ಗರಿಸುತ್ತಾ, ಶಕ್ತಿ ಕಳೆದುಕೊಳ್ಳುತ್ತಾ ನಿಲ್ಲುತ್ತದೆಯೋ, ಸ್ವಿಚ್ ಆಫ್ ಮಾಡಿದ ಹಾಗೆ ಒಮ್ಮೆಲೇ ನಿಲ್ಲುತ್ತದೆಯೋ? ಒಮ್ಮೆಲೇ ಅಂದರೆ, ನಿಂತಾಗ ಕಾರ್ಬ್ಯುರೇಟರ್ ಕೆಳಗಿನ ಬಟ್ಟಲು (ಬೌಲ್) ಬಿಚ್ಚಿ ನೋಡಿ. ಅದರಲ್ಲಿ ಪೆಟ್ರೋಲ್ ತುಂಬಿದ್ದರೆ ಇದು ಬಹುಶಃ ಪೆಟ್ರೋಲ್ ತೊಂದರೆ ಅಲ್ಲ. ಬಿಸಿಗೆ ಕಿಡಿ ಹುಟ್ಟಿಸುವ ಭಾಗಗಳಾದ ಕಾಯಿಲ್ ಅಥವಾ ಕಂಡೆನ್ಸರ್ ಕೈಕೊಡುತ್ತಿರಬಹುದು. ನೋಡಿ ಇಲ್ಲೇ ಬರೆಯಿರಿ, ಮುಂದಿನದು ಹೇಳುತ್ತೇನೆ.