ನಿಮ್ಮ ಮನೆಯ ಬಾಗಿಲು ಆರನೇ ಪುಟದಲ್ಲಿದೆ

ನಮಸ್ಕಾರ.

ನೀವು ಕಳಿಸಿದ 'ಹಟ್ಟಿಯಲ್ಲಿ ನಮ್ಮ ಮನೆ' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ. ಅದಕ್ಕೇ ಈ ಪತ್ರ.

ಒಂಬತ್ತು ಪುಟದ ಬರಹದಲ್ಲಿ ಮನೆ ಕಾಣುವುದೇ ಆರನೇ ಪುಟದಲ್ಲಿ. ಅಲ್ಲಿವರೆಗೆ ಬರೀ ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಯ ಚರಿತ್ರೆ. ಅದೇ ಜಿಲ್ಲೆಯ ಮಸ್ಕಿಯಲ್ಲಿರುವ ಅಶೋಕನ ಶಾಸನವನ್ನು 1915ರಲ್ಲಿ ಪತ್ತೆ ಹಚ್ಚಿದವರು ಬೀಡನ್ ಎಂಬ ಚಿನ್ನದ ಗಣಿ ಇಂಜಿನಿಯರ್ ಅನ್ನುವುದು ನಿಜ. ನನಗೂ ಇಷ್ಟದ ಸಂಗತಿ. ಆದರೆ ಅದು ಬೇರೆ ಲೇಖನ. 'ಬೆವರ ಹನಿ ಬಂಗಾರವಾಯಿತು' ಅನ್ನುವ ಸಾಲೂ ಬೇಡ. ಅದನ್ನು ಯಾರ ಅಜ್ಜನ ಬಗ್ಗೆ ಬೇಕಾದರೂ ಬರೆಯಬಹುದು, ಅಲ್ವಾ?

ಏಳನೇ ಪುಟದಲ್ಲಿ ಒಂದು ಮಾತಿದೆ. ಬಾಗಿಲ ಪಕ್ಕದ ಗೂಡಿನಲ್ಲಿ ಅಜ್ಜ ಗಣಿಗೆ ಒಯ್ಯುವ ಕಾರ್ಬೈಡ್ ದೀಪ ಇಡುತ್ತಿದ್ದರು, ಆ ಮಸಿ ಇನ್ನೂ ಹೋಗಿಲ್ಲ ಅಂತ. ಓದುತ್ತಾ ಅಲ್ಲೇ ನಿಂತುಬಿಟ್ಟೆ. ನೈಟ್ ಶಿಫ್ಟ್‌ಗೆ ಹೊರಡುವ ಮೊದಲು ದೀಪವನ್ನು ಅಲ್ಲೇ ಹಚ್ಚಿ ನೋಡುತ್ತಿದ್ದರಾ? ಇಷ್ಟು ವರ್ಷ ಸುಣ್ಣ ಬಳಿಯುವಾಗ ಆ ಗೂಡನ್ನು ಹಾಗೇ ಬಿಡಲು ಹೇಳಿದ್ದು ಅಜ್ಜಿಯಾ? ಲೇಖನ ಅಲ್ಲಿಂದ ಶುರುವಾಗಲಿ.

ಒಂದು ತಪ್ಪು ತಿದ್ದಿಕೊಳ್ಳಿ. ಅಜ್ಜ 1952ರಲ್ಲಿ 'ಮೈಸೂರು ರಾಜ್ಯದ ಹಟ್ಟಿಗೆ' ಬಂದರು ಎಂದಿದ್ದೀರಿ. ರಾಯಚೂರು ಆಗ ಹೈದರಾಬಾದ್ ರಾಜ್ಯದಲ್ಲಿತ್ತು. 1947ರಲ್ಲಿ ಶುರುವಾದ ಕಂಪನಿಯ ಹೆಸರೂ ಹೈದರಾಬಾದ್ ಗೋಲ್ಡ್ ಮೈನ್ಸ್ ಅಂತಲೇ. ನಾವು ಮೈಸೂರಿಗೆ ಸೇರಿದ್ದು 1956ರ ನವೆಂಬರ್ 1ರಂದು. ಸುಮ್ನೆ ಕೊಂಕು ತೆಗೆಯುತ್ತಿಲ್ಲ. ಟ್ರಂಕಿನಲ್ಲಿ ಒಂದು ಉರ್ದು ಕಾಗದ ಇದೆ, ಮನೆಯಲ್ಲಿ ಯಾರಿಗೂ ಓದಲು ಬರುವುದಿಲ್ಲ ಅಂತ ನೀವೇ ಬರೆದಿದ್ದೀರಿ. ನಿಜಾಮರ ಕಾಲದಲ್ಲಿ ಇಲ್ಲಿನ ಜಮೀನು ದಾಖಲೆಗಳು ಉರ್ದುವಿನಲ್ಲೇ ಇದ್ದವು. ಅದು ಮನೆ ಜಾಗದ ಕಾಗದವೂ ಇರಬಹುದು. ಉರ್ದು ಬಲ್ಲ ಹಿರಿಯರಿಂದ ಓದಿಸಿ. ಓದಿಸುವಾಗ ಅಜ್ಜಿ ಪಕ್ಕದಲ್ಲಿರಲಿ.

'ಅಜ್ಜ ಕೆಮ್ಮಿ ಕೆಮ್ಮಿ ತೀರಿಕೊಂಡರು' ಅನ್ನುವುದು ಒಂದೇ ಸಾಲು. ಅದರ ಬೆನ್ನಿಗೇ ಕಂಪನಿಯ ಉತ್ಪಾದನೆಯ ಲೆಕ್ಕ. ಓದಿ ನನಗೆ ಸಂಕಟವಾಯಿತು. ಹಟ್ಟಿಯ ಚಿನ್ನ ಇರುವುದು ಬೆಣಚುಕಲ್ಲಿನಲ್ಲಿ. ಅದನ್ನು ಕೊರೆದಾಗ ಏಳುವ ನುಣ್ಣನೆ ಧೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ಎಂಬ ಕಾಯಿಲೆ ತರುತ್ತದೆ. ಅಜ್ಜನದೂ ಅದೇ ಎಂದು ಆಸ್ಪತ್ರೆಯ ಚೀಟಿ ಇಲ್ಲದೆ ಬರೆಯಬೇಡಿ. ಆದರೆ ಆ ಕೆಮ್ಮು ಮನೆಯಲ್ಲಿ ಹೇಗಿತ್ತು ಅಂತ ಬರೆಯಬಹುದು. ರಾತ್ರಿ ಎದ್ದು ನೀರು ಕೊಡುತ್ತಿದ್ದವರು ಯಾರು? ಅಜ್ಜ ಚಳಿಯಲ್ಲೂ ಮಾಳಿಗೆ ಮೇಲೆ ಮಲಗುತ್ತಿದ್ದರು ಅಂದಿದ್ದೀರಿ. ಯಾಕೆ? ಮಕ್ಕಳಿಗೆ ನಿದ್ದೆ ಕೆಡಬಾರದು ಅಂತಲಾ? ಅಜ್ಜಿಗೆ ಗೊತ್ತಿರುತ್ತದೆ, ಕೇಳಿ. ಕ್ವಾರ್ಟರ್ಸ್ ಬಿಟ್ಟು ಸ್ವಂತ ಮನೆ ಕಟ್ಟಲು ದುಡ್ಡು ಎಲ್ಲಿಂದ ಬಂತು ಅನ್ನುವುದನ್ನೂ ಕೇಳಿ.

ನಾಲ್ಕು ಪುಟ ಸಾಕು, ಜಾಸ್ತಿ ಬೇಡ. ಅವಸರವಿಲ್ಲ, ನಾನು ಕಾಯುತ್ತೇನೆ. ಬರುವ ತಿಂಗಳು ತಂಗಿಯ ಮದುವೆಗೆ ಮನೆಗೆ ಪೇಂಟ್ ಹೊಡೆಸುತ್ತೇವೆ ಎಂದಿದ್ದೀರಿ. ಆ ಗೂಡೊಂದನ್ನು ಬಿಟ್ಟು ಹೊಡೆಯಲು ಹೇಳಿ.