ಟೆಸ್ಟೋಸ್ಟಿರಾನ್ ಇಳಿಸಿಕೊಂಡರೆ ಟ್ರಾನ್ಸ್ ಮಹಿಳೆಯರು ಮಹಿಳೆಯರ ಓಟದಲ್ಲಿ ಸ್ಪರ್ಧಿಸಬಹುದು ಅಲ್ವಾ?

ಮೊದಲು ಆಗುತ್ತಿತ್ತು. ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನಿನ ಮಟ್ಟ ರಕ್ತದಲ್ಲಿ ಒಂದು ವರ್ಷ ಲೀಟರಿಗೆ 5 ನ್ಯಾನೋಮೋಲ್‌ಗಿಂತ ಕೆಳಗಿದ್ದರೆ ಅಥ್ಲೆಟಿಕ್ಸ್‌ನ ಜಾಗತಿಕ ಸಂಸ್ಥೆ ವರ್ಲ್ಡ್ ಅಥ್ಲೆಟಿಕ್ಸ್ ಒಪ್ಪುತ್ತಿತ್ತು. 2023ರ ಮಾರ್ಚ್ 31ರಿಂದ ಆ ದಾರಿ ಮುಚ್ಚಿದೆ. ಗಂಡಿನ ಪ್ರೌಢಾವಸ್ಥೆ ದಾಟಿದವರಿಗೆ ಅಂತರರಾಷ್ಟ್ರೀಯ ಮಹಿಳಾ ವಿಭಾಗದಲ್ಲಿ ಅವಕಾಶವಿಲ್ಲ.

ಯಾಕೆ ಅಂದರೆ, ಹಾರ್ಮೋನ್ ಇಳಿದ ತಕ್ಷಣ ದೇಹದಲ್ಲಿ ಎಲ್ಲವೂ ಒಟ್ಟಿಗೆ ಇಳಿಯುವುದಿಲ್ಲ. ರಕ್ತದ ಹಿಮೋಗ್ಲೋಬಿನ್ ಕೆಲವೇ ತಿಂಗಳಲ್ಲಿ ಹೆಂಗಸರ ಮಟ್ಟಕ್ಕೆ ಬರುತ್ತದೆ. ಸ್ನಾಯು ಹಾಗಲ್ಲ, ಒಂದು ವರ್ಷದಲ್ಲಿ ಸುಮಾರು ಶೇ. 5ರಷ್ಟು ಕರಗಿದರೆ ಹೆಚ್ಚು. ಎತ್ತರ, ಕೈಕಾಲಿನ ಉದ್ದವಂತೂ ಬದಲಾಗುವುದೇ ಇಲ್ಲ. ಉನ್ನತ ಮಟ್ಟದ ಓಟದಲ್ಲಿ ಗಂಡು ಹೆಣ್ಣಿನ ಅಂತರ ಶೇ. 10ರಿಂದ 12. ಸೆಕೆಂಡಿನ ನೂರನೇ ಒಂದು ಭಾಗಕ್ಕೆ ಪದಕ ಕೈತಪ್ಪುವ ಕಡೆ ಇದು ದೊಡ್ಡ ವ್ಯತ್ಯಾಸ.

ಆದರೆ ಹಾರ್ಮೋನ್ ಇಳಿಸಿದಾಗ ದೇಹ ಹೇಗೆ ಬದಲಾಗುತ್ತದೆ ಎಂಬ ಅಧ್ಯಯನಗಳಲ್ಲಿ ಹೆಚ್ಚಿನವು ನಡೆದಿದ್ದು ಸಾಮಾನ್ಯ ಜನರ ಮೇಲೆ, ತರಬೇತಿ ಪಡೆದ ಕ್ರೀಡಾಪಟುಗಳ ಮೇಲಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನ್ಯೂಜಿಲೆಂಡಿನ ಟ್ರಾನ್ಸ್ ಮಹಿಳೆ, ವೇಟ್‌ಲಿಫ್ಟರ್ ಲಾರೆಲ್ ಹಬಾರ್ಡ್ ಅವರ ಮೂರು ಸ್ನ್ಯಾಚ್ (ಭಾರವನ್ನು ಒಂದೇ ಸಲಕ್ಕೆ ತಲೆಯ ಮೇಲೆತ್ತುವುದು) ಪ್ರಯತ್ನಗಳಲ್ಲಿ ಒಂದೂ ಲೆಕ್ಕಕ್ಕೆ ಬರಲಿಲ್ಲ. ಒಬ್ಬರನ್ನು ನೋಡಿ ಆ ಕಡೆಗೋ ಈ ಕಡೆಗೋ ತೀರ್ಪು ಕೊಡಲಾಗದು.

ಒಲಿಂಪಿಕ್ಸ್ ಮಟ್ಟಕ್ಕೆ ಈ ನಿಯಮ ಸರಿ ಅಂತಲೇ ನನಗನ್ನಿಸುತ್ತದೆ. ಅದನ್ನೇ ಶಾಲೆಯ ಆಟದ ಮೈದಾನಕ್ಕೂ ತಂದು ಮಕ್ಕಳನ್ನು ಹೊರಗಿಡುವುದು ತಪ್ಪು.

ಇನ್ನೊಂದು ಮಾತು. ಭಾರತದ ಓಟಗಾರ್ತಿ ದ್ಯುತಿ ಚಂದ್ ಅವರನ್ನು ದಯವಿಟ್ಟು ಈ ಚರ್ಚೆಗೆ ಎಳೆಯಬೇಡಿ. ಅವರು ಟ್ರಾನ್ಸ್ ಅಲ್ಲ. ಹೆಣ್ಣಾಗಿಯೇ ಹುಟ್ಟಿ ಬೆಳೆದವರು, ಟೆಸ್ಟೋಸ್ಟಿರಾನ್ ಸಹಜವಾಗಿಯೇ ಜಾಸ್ತಿ ಇತ್ತು. ಅದಕ್ಕೆ ಮಿತಿ ಹಾಕಿದ್ದ ನಿಯಮದಡಿ 2014ರಲ್ಲಿ ಅವರನ್ನು ಓಡದಂತೆ ತಡೆದರು. 2015ರಲ್ಲಿ ಕ್ರೀಡಾ ನ್ಯಾಯಮಂಡಳಿ ಆ ನಿಯಮವನ್ನೇ ತಡೆಹಿಡಿಯಿತು.