ಗುರಾಣಿಯ ಮೇಲೆ ಕೆಲ್ಟಿಕ್ ಗಂಟು ಕಲಸಿಹೋಗುತ್ತಿದ್ದರೆ

ಪುಟ್ಟ ಯೋಧನ ಬೊಂಬೆಯ ಗುರಾಣಿಯ ಮೇಲೆ 000 ನಂಬರ್ ಕುಂಚದಲ್ಲಿ ಕೆಲ್ಟಿಕ್ ಗಂಟು, ಅಂದರೆ ಎಳೆಗಳು ಒಂದರ ಮೇಲೊಂದು ಹಾದು ಹೆಣೆದುಕೊಳ್ಳುವ ವಿನ್ಯಾಸ, ಬರೆಯುವಾಗ ಅದು ಕಲಸಿಹೋಗುತ್ತಿದೆ ಎಂದಿದ್ದೀರಿ. ಎಳೆಗಳು ಒಂದಕ್ಕೊಂದು ಅಂಟಿ ಕಲಸಿಹೋಗಲು ಬಹುಶಃ ಆ ಕುಂಚವೇ ಕಾರಣ. ಅಷ್ಟು ಸಣ್ಣ ಕುಂಚದಲ್ಲಿ ಬಣ್ಣ ತುದಿಯಲ್ಲೇ ಒಣಗುತ್ತದೆ, ಕೈ ತಾನಾಗಿ ಒತ್ತುತ್ತದೆ, ಗೆರೆ ದಪ್ಪವಾಗುತ್ತದೆ. ಮೊನೆ ಚೂಪಾಗಿರುವ 1ನೇ ನಂಬರ್ ತೆಗೆದುಕೊಳ್ಳಿ.

ಮೊದಲು ಗುರಾಣಿಗೆ ಗಾಢ ಬಣ್ಣ ಬಳಿದು ಪೂರ್ತಿ ಒಣಗಲು ಬಿಡಿ. ರಂಗೋಲಿಗೆ ಇಟ್ಟಂತೆ ಪೆನ್ಸಿಲಿನಲ್ಲಿ ಚುಕ್ಕಿ ಇಡಿ. ಅಕ್ರಿಲಿಕ್ ಬಣ್ಣವನ್ನು ಹಾಲಿನಷ್ಟು ತೆಳು ಮಾಡಿ, ಕುಂಚವನ್ನು ಟಿಶ್ಯೂಗೆ ಒಮ್ಮೆ ಒರೆಸಿ, ಯಾವ ಎಳೆ ಮೇಲೆ, ಯಾವುದು ಕೆಳಗೆ ಎಂದು ಯೋಚಿಸದೆ ಇಡೀ ಗಂಟನ್ನು ಬರೆದುಬಿಡಿ. ಒಣಗಿದ ಮೇಲೆ ಎಳೆಗಳು ದಾಟುವ ಪ್ರತಿ ಕಡೆ, ಮೇಲೆ ಹೋಗುವ ಎಳೆಯ ಎರಡೂ ಬದಿಗೆ ಗುರಾಣಿಯ ಬಣ್ಣದಲ್ಲೇ ಸಣ್ಣ ಗೆರೆ ಹಾಕಿ. ಒಂದು ಎಳೆಯನ್ನೇ ಹಿಡಿದು ಹೋಗಿ: ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಹೆಣಿಗೆ ತಾನೇ ಎದ್ದು ಕಾಣುತ್ತದೆ.

ಮೂರು ಕುಣಿಕೆಯ ಗಂಟಿನ ಅರ್ಥವನ್ನೂ ಕೇಳಿದ್ದೀರಿ. ಕ್ರೈಸ್ತರು ಅದನ್ನು ತ್ರಿತ್ವದ (ತಂದೆ, ಮಗ, ಪವಿತ್ರಾತ್ಮ ಮೂವರೂ ಒಂದೇ ದೇವರು ಎಂಬ ನಂಬಿಕೆಯ) ಗುರುತಾಗಿ ಬಳಸಿದ್ದಾರೆ. ಅದಕ್ಕಿಂತ ಹಿಂದಿನ ಅರ್ಥವನ್ನು ಕೆಲ್ಟರು ಬರೆದಿಟ್ಟಿಲ್ಲ, ಈಗ ಹೇಳುವುದೆಲ್ಲ ಊಹೆ. ಆದರೆ ನಿಮ್ಮ ಯೋಧ ರೋಮನ್ನರ ವಿರುದ್ಧ ನಿಂತವನಾದರೆ ಈ ಗಂಟೇ ಅವನ ಕಾಲದ್ದಲ್ಲ. ಇಂಥ ಹೆಣಿಗೆ ಅರಳಿದ್ದು ಸುಮಾರು 7ರಿಂದ 9ನೇ ಶತಮಾನದ ಕ್ರೈಸ್ತ ಹಸ್ತಪ್ರತಿಗಳಲ್ಲಿ. ಅವನಿಗೆ ಬಳ್ಳಿಯಂತೆ ಬಾಗುವ ಲಾ ಟೆನ್ ಶೈಲಿಯ (ಪ್ರಾಚೀನ ಕೆಲ್ಟರ ಕಲಾಶೈಲಿ) ಸುರುಳಿಗಳೇ ಸರಿ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಬ್ಯಾಟರ್‌ಸೀ ಗುರಾಣಿ ಎಂಬ ಪ್ರಾಚೀನ ಗುರಾಣಿಯ ಚಿತ್ರ ನೋಡಿ: ಕಂಚಿನ ಮೇಲೆ ಕೆಂಪು ಗಾಜು, ಎಷ್ಟು ಚೆಂದದ ಕೆಲಸ! ಸುರುಳಿಯಲ್ಲಿ ಎಳೆ ದಾಟಿಸುವ ಕಷ್ಟವೂ ಇಲ್ಲ, ಮೊದಲು ಅದನ್ನೇ ಬರೆದು ನೋಡಿ.